ಸಾನ್ ಮಾರ್ಕೊದ ಗೋಡೆಗಳು

ದೇವರ ಚಿತ್ರವನ್ನು ಬರಿಯ ಚಿತ್ರವಾಗಿ ನೋಡಲು ಬರುತ್ತದೆಯೆ? ಇಟಲಿಯ ಫ್ಲಾರೆನ್ಸಿನಲ್ಲಿರುವ ಸಾನ್ ಮಾರ್ಕೊ ಮಠದ ಮೆಟ್ಟಿಲು ಹತ್ತುವಾಗ ನನ್ನನ್ನು ಹಿಡಿದ ಪ್ರಶ್ನೆ ಇದು. ಡೊಮಿನಿಕನ್ ಸನ್ಯಾಸಿಗಳ ಈ ಮಠ 1869ರಲ್ಲಿ ವಸ್ತುಸಂಗ್ರಹಾಲಯವಾಯಿತು. ಧ್ಯಾನಕ್ಕೆಂದು ಬರೆದ ಚಿತ್ರಗಳನ್ನು ಈಗ ಟಿಕೆಟ್ ಕೊಂಡು ನೋಡುತ್ತೇವೆ.

1436ರಲ್ಲಿ ಈ ಜಾಗ ಡೊಮಿನಿಕನ್ನರ ಕೈಗೆ ಬಂತು. ಊರಿನ ದೊಡ್ಡ ಬ್ಯಾಂಕರ್ ಕೊಸಿಮೊ ದೆ ಮೆದಿಚಿ ಹಣ ಕೊಟ್ಟ. ಮಿಕೆಲೊಝೊ ಎಂಬ ವಾಸ್ತುಶಿಲ್ಪಿ ಕಟ್ಟಿದ. ಅದೇ ಪಂಥದ ಸನ್ಯಾಸಿ ಫ್ರಾ ಆಂಜೆಲಿಕೊ ತನ್ನ ಸಹಾಯಕರೊಡನೆ ಹಸಿ ಗಾರೆಯ ಮೇಲೆ ಚಿತ್ರ ಬರೆದ. ಮೇಲಂತಸ್ತಿನಲ್ಲಿ ನಲವತ್ತಕ್ಕೂ ಹೆಚ್ಚು ಕೋಣೆಗಳಿವೆ. ಒಬ್ಬ ಸನ್ಯಾಸಿಗೆ ಒಂದು ಕೋಣೆ, ಒಂದು ಕಿಟಕಿ, ಒಂದು ಚಿತ್ರ. ಲೆಕ್ಕ ಅಷ್ಟೇ.

ಮೆಟ್ಟಿಲು ಮುಗಿಯುವಲ್ಲಿಯೇ ಎದುರಾಗುವುದು ಪ್ರಸಿದ್ಧವಾದ ಮಂಗಳವಾರ್ತೆಯ ಚಿತ್ರ. ಬಣ್ಣಬಣ್ಣದ ರೆಕ್ಕೆಯ ದೇವದೂತ, ಕಂಬಗಳ ಮೊಗಸಾಲೆಯಲ್ಲಿ ಕುಳಿತ ಮರಿಯ, ಪಕ್ಕದಲ್ಲಿ ಬೇಲಿ ಹಾಕಿದ ಹೂದೋಟ. ಇಲ್ಲಿ ಹಾದುಹೋಗುವಾಗ 'ನಮೋ ಮರಿಯ' ಹೇಳಲು ಮರೆಯಬೇಡ ಎಂದು ಕೆಳಗೆ ಲ್ಯಾಟಿನ್ನಿನಲ್ಲಿ ಬರೆದಿದೆ. ಸುಂದರವಾದ ಚಿತ್ರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಎಲ್ಲರೂ ಓಡಾಡುವ ದಾರಿಯ ಚಿತ್ರ, ಅದಕ್ಕೆ ಒಂದಿಷ್ಟು ಅಲಂಕಾರ ಬೇಕು. ಮೂರನೆಯ ಕೋಣೆಗೆ ಹೋದರೆ ಅದೇ ಪ್ರಸಂಗ ಮತ್ತೆ ಕಾಣುತ್ತದೆ. ಅಲ್ಲಿ ತೋಟವಿಲ್ಲ, ಬೇಲಿಯಿಲ್ಲ. ಬೋಳು ಗೋಡೆ, ಬೋಳು ಕಮಾನು, ನಿಂತ ದೂತ, ಮಣಿದ ಮರಿಯ. ಚಿತ್ರದೊಳಗಿನ ಕೋಣೆಯೂ ಸನ್ಯಾಸಿಯ ಕೋಣೆಯಂತೆಯೇ ಖಾಲಿ. ವಾರ್ತೆ ಬಂದದ್ದು ಅವನ ಮನೆಗೇ ಎನ್ನುವ ಹಾಗಿದೆ.

ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಏಳನೆಯ ಕೋಣೆ. ಯೇಸುವನ್ನು ಸೈನಿಕರು ಗೇಲಿ ಮಾಡುವ ದೃಶ್ಯ. ಸೈನಿಕರೇ ಅಲ್ಲಿಲ್ಲ! ಉಗುಳುವ ಒಂದು ತಲೆ, ಹೊಡೆಯುವ ಕೆಲವು ಕೈಗಳು, ಒಂದು ಕೋಲು ಇವಿಷ್ಟೇ ಗಾಳಿಯಲ್ಲಿ ತೇಲುತ್ತಿವೆ. ಯೇಸುವಿನ ಕಣ್ಣಿಗೆ ತೆಳುಬಟ್ಟೆ ಕಟ್ಟಿದೆ. ಕೆಳಗೆ ಮರಿಯ ಮುಖ ತಿರುಗಿಸಿ ಕುಳಿತಿದ್ದಾಳೆ. ಸಂತ ಡೊಮಿನಿಕ್ ತೊಡೆಯ ಮೇಲೆ ಪುಸ್ತಕವಿಟ್ಟು ಓದುತ್ತಿದ್ದಾನೆ. ಇಬ್ಬರೂ ಮೇಲೆ ನೋಡುತ್ತಿಲ್ಲ. ಹಾಗಾದರೆ ನಾವು ಕಾಣುತ್ತಿರುವುದು ನಡೆದ ಘಟನೆಯಲ್ಲ, ಓದುತ್ತ ಕುಳಿತವನ ಒಳಗಣ್ಣಿಗೆ ಕಂಡದ್ದು. ಹಿಂಸೆಯನ್ನು ಇಷ್ಟು ಮೌನವಾಗಿ ಹೇಳಿದ ಇನ್ನೊಂದು ಚಿತ್ರವನ್ನು ನಾನು ಕಂಡಿಲ್ಲ.

ಎಲ್ಲ ಕೋಣೆಗಳೂ ಈ ಎತ್ತರದವಲ್ಲ. ಕಿರಿಯ ಸನ್ಯಾಸಿಗಳ ಸಾಲಿನಲ್ಲಿ ಶಿಲುಬೆ, ಅದರ ಬುಡದಲ್ಲಿ ಡೊಮಿನಿಕ್. ಮುಂದಿನ ಕೋಣೆಯಲ್ಲೂ ಅದೇ. ವಿಮರ್ಶಕನಿಗೆ ಬೇಸರ ತರುವ ಸಾಲು ಇದು. ಆದರೆ ಕೋಣೆಯಿಂದ ಕೋಣೆಗೆ ಸಂತನ ಭಂಗಿ ಮಾತ್ರ ಬದಲಾಗುತ್ತದೆ: ಒಮ್ಮೆ ಕೈ ಮುಗಿದಿದ್ದಾನೆ, ಒಮ್ಮೆ ತೋಳು ಚಾಚಿದ್ದಾನೆ. ಹೊಸಬರಿಗೆ ಪ್ರಾರ್ಥನೆಯ ಪಾಠ ಅದು. ಕಲೆಗಾರಿಕೆ ಅಲ್ಲಿ ಎರಡನೆಯ ಮಾತು. ಕೊಸಿಮೊ ತನಗೆಂದು ಇಟ್ಟುಕೊಂಡ ಜೋಡಿ ಕೋಣೆಯ ಕಥೆ ಬೇರೆ. ಅಲ್ಲಿ ಬಾಲಯೇಸುವಿಗೆ ಕಾಣಿಕೆ ತಂದ ಪೂರ್ವದ ರಾಜರ ದೊಡ್ಡ ಪರಿವಾರವಿದೆ. ಬಡ್ಡಿಯನ್ನು ಪಾಪವೆನ್ನುತ್ತಿದ್ದ ಕಾಲದ ಸಾಹುಕಾರ, ಕಾಣಿಕೆ ಕೊಟ್ಟು ಮಣಿದ ರಾಜರನ್ನು ಆರಿಸಿಕೊಂಡದ್ದು ಸಹಜವೇ. ಬಡವನಾಗಲು ವ್ರತ ತೊಟ್ಟವನ ಗೋಡೆಗೂ ಸಾಹುಕಾರನ ಗೋಡೆಗೂ ಇರುವ ಅಂತರ ಒಂದೇ ಸೂರಿನಡಿ ಕಾಣಸಿಗುತ್ತದೆ.

ಕರಾವಳಿಯ ನಮಗೆ ಕ್ರೈಸ್ತ ಭಿತ್ತಿಚಿತ್ರವೆಂದರೆ ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯ ನೆನಪಾಗುತ್ತದೆ. 1900ರ ಆಸುಪಾಸಿನಲ್ಲಿ ಯೇಸುಸಭೆಯ ಬ್ರದರ್ ಆಂಟೋನಿಯೊ ಮೊಸ್ಕೆನಿ, ಅವನೂ ಇಟಲಿಯವನೇ, ಅಲ್ಲಿನ ಗೋಡೆ ಛಾವಣಿಗಳನ್ನೆಲ್ಲ ತುಂಬಿಸಿದ. ಅದು ಜನಸಮೂಹಕ್ಕೆ ಕಥೆ ಹೇಳುವ ಕಲೆ. ಹರಿಕಥೆಯ ಹಾಗೆ ತುಂಬಿ ತುಳುಕಬೇಕು. ಸಾನ್ ಮಾರ್ಕೊದ್ದು ಒಬ್ಬನೊಡನೆ ಆಡುವ ಪಿಸುಮಾತು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಬಾರದು.

ಇನ್ನು ಮೊದಲ ಪ್ರಶ್ನೆ. ವಸ್ತುಸಂಗ್ರಹಾಲಯ ಈ ಚಿತ್ರಗಳನ್ನು ಉಳಿಸಿದೆ, ಅದಕ್ಕೆ ನಾವು ಋಣಿಗಳು. ಆದರೆ ಒಬ್ಬ ಸನ್ಯಾಸಿ ವರ್ಷಗಟ್ಟಲೆ ಜೊತೆಗಿದ್ದ ಚಿತ್ರಕ್ಕೆ ನಾವು ಕೊಡುವುದು ಅರ್ಧ ನಿಮಿಷ. ಕ್ರೈಸ್ತನಲ್ಲದ ನನಗೆ ಅಡ್ಡಬಂದದ್ದು ನಂಬಿಕೆಯ ಕೊರತೆಗಿಂತ ಈ ಅವಸರ. ಅಲ್ಲಿಗೆ ಹೋಗುವವರಿದ್ದರೆ ಒಂದು ಮಾತು: ನಲವತ್ತನ್ನೂ ನೋಡಿ ಮುಗಿಸುವ ಹಟ ಬೇಡ. ಒಂದು ಕೋಣೆಯನ್ನು ಆರಿಸಿಕೊಂಡು, ಆ ಗೋಡೆಯ ಮುಂದೆ ಸುಮ್ಮನೆ ನಿಲ್ಲಿ.