ವೇದಿಕೆಯ ಒಡೆತನ: ತಿರುವೈಯಾರಿನ ಆರಾಧನೆ ಮತ್ತು ಬೆಂಗಳೂರು ನಾಗರತ್ನಮ್ಮ

ಅರಮನೆಯ ಆಶ್ರಯವನ್ನಾಗಲಿ ನಗರದ ಸಭೆಗಳ ಚೀಟಿ ಮಾರಾಟವನ್ನಾಗಲಿ ನೆಚ್ಚದೆ ಸಂಗೀತಗಾರರೇ ಕೂಡಿ ನಡೆಸಿಕೊಂಡು ಬಂದ ಉತ್ಸವಗಳಲ್ಲಿ ತಿರುವೈಯಾರಿನ ತ್ಯಾಗರಾಜ ಆರಾಧನೆಗೆ ವಿಶಿಷ್ಟ ಸ್ಥಾನವಿದೆ. ಹಾಡುವವರು ಸಂಭಾವನೆ ಪಡೆಯುವುದಿಲ್ಲ. ಕೇಳುವವರು ಹಣ ಕೊಡುವುದಿಲ್ಲ. ಇದನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಭಕ್ತಿಯ ಪರಿಭಾಷೆಯಲ್ಲಿಯೇ ಸಾಗಿರುವುದರಿಂದ ಒಂದು ಮುಖ್ಯ ಪ್ರಶ್ನೆ ಹಿಂದೆ ಉಳಿದಿದೆ. ಕಲಾವಿದರೇ ಕಟ್ಟಿದ ವೇದಿಕೆ ಎಲ್ಲ ಕಲಾವಿದರದೂ ಆಗುತ್ತದೆಯೇ? ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ನಾಗರತ್ನಮ್ಮನವರ ಬದುಕಿನ ಉತ್ತರಾರ್ಧವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಉಚಿತ.

ತ್ಯಾಗರಾಜರು 1847ರ ಪುಷ್ಯ ಬಹುಳ ಪಂಚಮಿಯಂದು ಸಿದ್ಧಿ ಹೊಂದಿದರು. ಕಾವೇರಿಯ ದಡದ ಅವರ ಸಮಾಧಿ ಕಾಲಾಂತರದಲ್ಲಿ ಪಾಳುಬಿದ್ದಿತ್ತು. 20ನೆಯ ಶತಮಾನದ ಆರಂಭದಲ್ಲಿ ಉಮಯಾಳ್‌ಪುರದ ಶಿಷ್ಯರು ಅದನ್ನು ಗುರುತಿಸಿ ದುರಸ್ತಿ ಮಾಡಿಸಿದರು. ಅನಂತರ ತಿಲ್ಲೈಸ್ಥಾನದ ನರಸಿಂಹ ಭಾಗವತರು ಮತ್ತು ಪಂಜು ಭಾಗವತರು ಆರಾಧನೆಗೆ ಸಾರ್ವಜನಿಕ ರೂಪ ಕೊಟ್ಟರು. ಇವರು ಸಹೋದರರು. ಮನಸ್ತಾಪ ಬಂದು ‘ಪೆರಿಯ ಕಚ್ಚಿ’, ‘ಚಿನ್ನ ಕಚ್ಚಿ’ ಎಂಬ ಎರಡು ಪಕ್ಷಗಳಾದವು. ಒಂದು ಪಕ್ಷದ ಉತ್ಸವ ಪಂಚಮಿಯಂದು ಮುಗಿದರೆ ಇನ್ನೊಂದರದು ಅಂದು ಮೊದಲಾಗುತ್ತಿತ್ತು. ಇಷ್ಟೆಲ್ಲ ಭಿನ್ನಾಭಿಪ್ರಾಯವಿದ್ದರೂ ಒಂದು ವಿಷಯದಲ್ಲಿ ಮಾತ್ರ ಎರಡೂ ಪಕ್ಷಗಳಿಗೆ ಒಮ್ಮತವಿತ್ತು: ಹೆಂಗಸರು ಅಲ್ಲಿ ಹಾಡಕೂಡದು.

ನಾಗರತ್ನಮ್ಮ ಈ ಚಿತ್ರದೊಳಕ್ಕೆ ಬರುವುದು 1921ರಲ್ಲಿ. ಸಮಾಧಿ ಮತ್ತೆ ದುಃಸ್ಥಿತಿಯಲ್ಲಿರುವ ಸುದ್ದಿಯನ್ನು ಮದ್ರಾಸಿನಲ್ಲಿದ್ದ ಅವರಿಗೆ ತಿಳಿಸಿದವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರು. ಈ ಸಂಬಂಧ ಆಕಸ್ಮಿಕವಲ್ಲ. ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರು ಇದೇ ಕೃಷ್ಣಪ್ಪನವರು; ಆಸ್ಥಾನ ವಿದ್ವಾಂಸರೊಬ್ಬರು ಅರಮನೆಯ ಹೊರಗೆ, ಊರಿನ ನಡುವೆ, ಸಂಗೀತಕ್ಕೊಂದು ಮನೆ ಮಾಡಿಕೊಟ್ಟ ನಿದರ್ಶನವದು. ನಾಗರತ್ನಮ್ಮನವರೂ ಅದೇ ದಾರಿ ಹಿಡಿದರು. ಸಮಾಧಿಯ ನೆಲವನ್ನು ಪಡೆದು, ತಮ್ಮ ಗಳಿಕೆಯನ್ನೂ ಒಡವೆಗಳನ್ನೂ ವಿನಿಯೋಗಿಸಿ ಗುಡಿ ಕಟ್ಟಿಸಿದರು. ಅದರ ಪ್ರತಿಷ್ಠೆ ನಡೆದದ್ದು 1925ರ ಜನವರಿಯಲ್ಲಿ.

ಜನಪ್ರಿಯ ಕಥನಗಳೆಲ್ಲ ಇಲ್ಲಿಗೆ ಬಂದು ನಿಲ್ಲುತ್ತವೆ. ಒಡವೆ ಮಾರಿದ ಭಕ್ತೆ ಎಂಬ ಚಿತ್ರ ಕಣ್ತುಂಬುವಂಥದು. ಆದರೆ ಅದು ಅವರ ಸಂಘಟನಾ ಬುದ್ಧಿಯನ್ನು ಮರೆಮಾಡಿದೆ. ಗುಡಿ ಕಟ್ಟಿಸಿದ ಮೇಲೂ ಅವರಿಗೆ ಅದರೆದುರು ಹಾಡುವ ಅವಕಾಶ ದೊರೆಯಲಿಲ್ಲ ಎಂಬುದೇ ಗಮನಿಸಬೇಕಾದ ಸಂಗತಿ. ನೆಲ ಅವರದು, ವೇದಿಕೆ ಪರರದು. ಅವರು ಜಿಲ್ಲೆಯ ಅಧಿಕಾರಿಗಳಿಗೆ ಅರ್ಜಿ ಕೊಟ್ಟರು. ಅಷ್ಟಕ್ಕೇ ಸುಮ್ಮನಾಗದೆ 1927ರಿಂದ ಗುಡಿಯ ಹಿಂಭಾಗದಲ್ಲಿ ಬೇರೆಯೇ ಆರಾಧನೆಯನ್ನು ಆರಂಭಿಸಿದರು. ಅಲ್ಲಿ ಹಾಡಿದವರು ಮುಖ್ಯವಾಗಿ ದೇವದಾಸಿ ಮನೆತನಗಳ ಗಾಯಕಿಯರು. ಜನ ಇದನ್ನು ‘ಪೊಂಬಳೆ ಕಚ್ಚಿ’, ಅಂದರೆ ಹೆಂಗಸರ ಪಕ್ಷ ಎಂದು ಕರೆದರು. ಹೆಸರಿನಲ್ಲಿ ಕುಹಕವಿರಬಹುದು, ಆದರೆ ಮೂರನೆಯದೊಂದು ಪಕ್ಷವಿದೆ ಎಂಬ ಒಪ್ಪಿಗೆಯೂ ಅದರಲ್ಲಿದೆ.

ಈ ಕಾರ್ಯಕ್ರಮವನ್ನು ಕೇವಲ ಪ್ರತಿಭಟನೆಯೆಂದು ಓದುವುದು ಪೂರ್ಣ ಸರಿಯಲ್ಲ. ಅದೇ ವರ್ಷ ಅವರು ಮದ್ರಾಸ್ ಪ್ರಾಂತ್ಯದ ದೇವದಾಸಿಯರ ಸಂಘದ ಅಧ್ಯಕ್ಷೆಯೂ ಆದರು. ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು 1910ರಲ್ಲಿ ಸಂಪಾದಿಸಿ ಪ್ರಕಟಿಸಿ ಸರ್ಕಾರದ ನಿಷೇಧವನ್ನು ಎದುರಿಸಿದವರೂ ಅವರೇ. ಒಂದೆಡೆ ಅಳಿಸಿಹೋಗುತ್ತಿದ್ದ ಕವಯಿತ್ರಿಗೆ ಓದುಗರನ್ನು ದೊರಕಿಸುವುದು, ಇನ್ನೊಂದೆಡೆ ಜೀವನೋಪಾಯವನ್ನೂ ಗೌರವವನ್ನೂ ಕಳೆದುಕೊಳ್ಳುತ್ತಿದ್ದ ಗಾಯಕಿಯರಿಗೆ ಕೇಳುಗರನ್ನು ದೊರಕಿಸುವುದು: ಎರಡೂ ಒಂದೇ ಕೆಲಸದ ಮುಖಗಳು. ಸಮಾಜ ತಮ್ಮ ಸಮುದಾಯದ ಕಲೆಯನ್ನು ಉಳಿಸಿಕೊಂಡು ಕಲಾವಿದೆಯರನ್ನು ಬಿಟ್ಟುಬಿಡುತ್ತಿದ್ದ ಹೊತ್ತಿನಲ್ಲಿ ಅವರು ಗುಡಿಯ ಹಿಂದೆ ಚಾಪೆ ಹಾಸಿದರು.

1940ರ ವೇಳೆಗೆ ಐ.ಸಿ.ಎಸ್. ಅಧಿಕಾರಿ ಎಸ್.ವೈ. ಕೃಷ್ಣಸ್ವಾಮಿಯವರ ಪ್ರಯತ್ನದಿಂದ ಪಕ್ಷಗಳು ಒಂದಾಗಿ ತ್ಯಾಗಬ್ರಹ್ಮ ಮಹೋತ್ಸವ ಸಭೆ ರೂಪುಗೊಂಡಿತು. ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು, ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಮೊದಲಾದವರು ಅದರೊಂದಿಗಿದ್ದರು. ಹೆಂಗಸರಿಗೆ ಹಾಡುವ ಅವಕಾಶವಾಯಿತು. ಪಂಚರತ್ನ ಕೃತಿಗಳ ಸಾಮೂಹಿಕ ಗಾಯನ ನೆಲೆಗೊಂಡದ್ದೂ ಈ ಘಟ್ಟದಲ್ಲಿಯೇ. ಇಂದು ಅನಾದಿಯೆಂಬಂತೆ ತೋರುವ, ಬೆಂಗಳೂರು ಮೈಸೂರುಗಳಿಂದ ಹಿಡಿದು ಸಣ್ಣ ಊರುಗಳ ಸಂಗೀತ ಶಾಲೆಗಳವರೆಗೆ ಅನುಕರಿಸಲಾಗುವ ಆ ಗೋಷ್ಠಿಗೆ ಇನ್ನೂ ನೂರು ವರ್ಷ ತುಂಬಿಲ್ಲ.

ಒಗ್ಗೂಡುವಿಕೆಯನ್ನು ನಿರ್ವಿವಾದ ಗೆಲುವೆಂದು ಬರೆಯುವುದು ರೂಢಿ. ಹಾಡುವ ಹಕ್ಕು ಬಂದದ್ದು ನಿಜ. ಆದರೆ ಹಾಡುವವರನ್ನು ಆರಿಸುವ, ಕ್ರಮವನ್ನು ನಿರ್ಧರಿಸುವ, ಸಮಯವನ್ನು ಹಂಚುವ ಅಧಿಕಾರ ಒಂದು ಸಮಿತಿಗೆ ಸೇರಿತು. ಗುಡಿಯ ಹಿಂಭಾಗದಲ್ಲಿ ಅದೆಲ್ಲವೂ ಹೆಂಗಸರ ಕೈಯಲ್ಲಿತ್ತು. ಗುಡಿಯ ಮುಂಭಾಗಕ್ಕೆ ಬಂದ ಗಾಯಕಿಯರು ತಮ್ಮದೇ ಆಗಿದ್ದ ಆಡಳಿತವನ್ನು ಹಿಂದೆ ಬಿಟ್ಟು ಬಂದರು. ನಾಗರತ್ನಮ್ಮ ಇದನ್ನು ಹೇಗೆ ಕಂಡರೋ, ಅವರ ನಡೆ ಮಾತ್ರ ಸ್ಪಷ್ಟವಾಗಿದೆ: ಆಸ್ತಿಯನ್ನು ಸಭೆಯ ಔದಾರ್ಯಕ್ಕೆ ಬಿಡದೆ, ಮರಣಶಾಸನದ ಮೂಲಕ ಸಮಾಧಿಯ ಸೇವೆಗೆಂದು ವಿಶ್ವಸ್ತ ನಿಧಿಯಾಗಿ ಕಟ್ಟಿಟ್ಟರು.

ಅವರು ತೀರಿಕೊಂಡದ್ದು 1952ರ ಮೇ 19ರಂದು. ತ್ಯಾಗರಾಜರ ಸಮಾಧಿಯ ಸಮೀಪದಲ್ಲೇ ಅವರ ಸ್ಮಾರಕವಿದೆ. ಅಲ್ಲಿನ ಮೂರ್ತಿ ಗುಡಿಯ ಕಡೆಗೆ ಮುಖ ಮಾಡಿದೆ.