ಸೀತೆ, ಕಾವೇರಿ ಮತ್ತು ಶ್ರಾವಣದ ಪುರಾಣ

ಚಿಕ್ಕೋಡಿ, ರಾಯಬಾಗ, ಅಥಣಿಗಳ ಹಳ್ಳಿಗಳಲ್ಲಿ ಶ್ರಾವಣ ಬಂತೆಂದರೆ ಗುಡಿಯ ಪಡಸಾಲೆಯಲ್ಲಿ ಪುರಾಣ ಹಚ್ಚುವ ರೂಢಿಯುಂಟು. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಊರು ಕೇಳುತ್ತದೆ. ಇದಕ್ಕೆ ಸಮೀಪದ ಒಂದು ಕ್ರಮವನ್ನು ಇಂಗ್ಲೆಂಡಿನ ಲಿವರ್‌ಪೂಲ್ ಕಡೆ ಈ ಶತಮಾನದ ಆರಂಭದಲ್ಲಿ ಸಾಹಿತ್ಯದ ಅಧ್ಯಾಪಕಿ ಜೇನ್ ಡೇವಿಸ್ ತೊಡಗಿಸಿದರು; ಮುಂದೆ ಅದು ಮನೋರೋಗಿಗಳ ವಾರ್ಡುಗಳಿಗೂ ಹೋಯಿತು. ಅಲ್ಲಿ ಕಥೆಯನ್ನೋ ಕವಿತೆಯನ್ನೋ ಗಟ್ಟಿಯಾಗಿ ಓದಿ ನಡುನಡುವೆ ನಿಲ್ಲಿಸುತ್ತಾರೆ. ಮನಸ್ಸಿದ್ದವರು ಮಾತನಾಡುತ್ತಾರೆ, ಒಲ್ಲದವರು ಸುಮ್ಮನೆ ಕೇಳುತ್ತಾರೆ. ಔಷಧೋಪಚಾರ ತನ್ನಷ್ಟಕ್ಕೆ ನಡೆದೇ ಇರುತ್ತದೆ. ಆದರೆ 'ನಿನಗೇನಾಗಿದೆ?' ಎಂದು ದಿನವೂ ಕೇಳಿಸಿಕೊಂಡವನಿಗೆ 'ಈ ಪಾತ್ರ ಹೀಗೇಕೆ ಮಾಡಿತು?' ಎಂಬ ಪ್ರಶ್ನೆ ಎದುರಾದಾಗ, ಅಷ್ಟು ಹೊತ್ತಾದರೂ ಅವನು ವಾಚಕನಾಗಿ ಉತ್ತರಿಸುತ್ತಾನೆ.

ಏನನ್ನು ಓದಬೇಕು? ವಿಮರ್ಶೆಯ ಕೆಲಸ ಮೊದಲಾಗುವುದು ಇಲ್ಲಿ. ನೀತಿಬೋಧೆ ಸಲ್ಲದು, ಬುದ್ಧಿವಾದವನ್ನು ರೋಗಿ ಬೇಕಾದಷ್ಟು ಕೇಳಿರುತ್ತಾನೆ. ತ್ರಿವೇಣಿಯವರ 'ಶರಪಂಜರ' ಥಟ್ಟನೆ ನೆನಪಾಗುತ್ತದೆ. ಗುಣಹೊಂದಿ ಮರಳಿದ ಕಾವೇರಿಯನ್ನು ಮನೆಯವರೂ ನೆರೆಯವರೂ ಹುಚ್ಚಿಯೆಂದೇ ಕಾಣುವ ಈ ಕಾದಂಬರಿ, 1971ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರವಾಗಿ ಇನ್ನಷ್ಟು ಜನರನ್ನು ಮುಟ್ಟಿತು. ಅದರ ಸತ್ಯದಲ್ಲಿ ನಮಗೆ ಸಂದೇಹವಿಲ್ಲ. ಆದರೂ ಮನೆಗೆ ಹೋಗುವ ದಿನವನ್ನು ಎಣಿಸುತ್ತಿರುವವಳ ಮುಂದೆ ಅದು ತೀರ ಹತ್ತಿರ ಹಿಡಿದ ಕನ್ನಡಿಯಾದೀತು. ಅಲ್ಲಿಗೆ ಲಕ್ಷ್ಮೀಶನ 'ಜೈಮಿನಿ ಭಾರತ'ದ ಸೀತಾಪರಿತ್ಯಾಗವೇ ಲೇಸು. ತಪ್ಪಿಲ್ಲದೆ ಮನೆ ಕಳೆದುಕೊಂಡವಳ ದುಃಖ ಅಲ್ಲಿಯೂ ಅದೇ. ಆದರೆ ವಾರ್ಧಕ ಷಟ್ಪದಿಯ ಲಯವೂ ಪುರಾಣಕಾಲದ ದೂರವೂ ಕೇಳುವವಳಿಗೆ ಒಂದು ಮರೆಯನ್ನು ಒದಗಿಸುತ್ತವೆ. ಸೀತೆಯ ಮಾತಾಡುತ್ತ ಅವಳು ತನ್ನ ಮಾತನ್ನೂ ಆಡಬಲ್ಲಳು. ಆದರೆ ನಮ್ಮ ಪುರಾಣಿಕರಂತೆ ಅರ್ಥವನ್ನೆಲ್ಲ ಒಬ್ಬರೇ ಹೇಳಿ ಮುಗಿಸಬಾರದು. ನಿಪ್ಪಾಣಿ, ಕಾಗವಾಡಗಳ ಕಡೆಯವರಿದ್ದಲ್ಲಿ ಮರಾಠಿಯಲ್ಲಿ ಉತ್ತರಿಸುವವರಿಗೂ ಎಡೆಯಿರಬೇಕು.

ಹಾಗಾದರೆ 'ಶರಪಂಜರ'ವನ್ನು ಓದಬೇಕಾದವರು ಯಾರು? ನಾವು. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾಗಿ ಇಂದು ಡಿಮ್ಹಾನ್ಸ್ ಎನಿಸಿರುವ ಧಾರವಾಡದ ಸಂಸ್ಥೆಯಿಂದ ಗುಣವಾಗಿ ಬಂದವಳನ್ನು ಊರಲ್ಲಿ ಎದುರುಗೊಳ್ಳುವವರು ಇದೇ ಪಡಸಾಲೆಯ ಶ್ರೋತೃಗಳಷ್ಟೆ. ಒಂದು ಶ್ರಾವಣದಲ್ಲಿ ನಾಲ್ಕು ಸಂಜೆ ಅಲ್ಲಿ ಕಾವೇರಿಯ ಕಥೆಯನ್ನು ಓದಿಸಬೇಕು. ಕೇಳುವಾಗ ಯಾರ ಮನೆ ನೆನಪಾಯಿತೆಂದು ಯಾರೂ ಹೇಳಬೇಕಾಗಿಲ್ಲ. ಮರುದಿನ ಆ ಮನೆಯ ಮಗಳನ್ನು ಅವಳ ಹೆಸರು ಹಿಡಿದು ಕರೆದರೆ ಸಾಕು.