ಗದ್ದೆಯ ಕದಿರು, ಬಾಣೆಯ ಕಾಫಿ: ಕೊಡಗಿನ ಕೃಷಿಸಸ್ಯಗಳು ಮತ್ತು ಜಾನಪದ ಅಧ್ಯಯನದ ದೃಷ್ಟಿ

ಕೊಡಗಿನ ಜನಪದ ಬದುಕನ್ನು ಕುರಿತ ಅಧ್ಯಯನಗಳಲ್ಲಿ ಭತ್ತ ಮತ್ತು ಕಾಫಿ ಸಾಮಾನ್ಯವಾಗಿ ಒಂದೇ ಅಧ್ಯಾಯದಲ್ಲಿ ಭೇಟಿಯಾಗುವುದಿಲ್ಲ. ಭತ್ತ ಸಂಸ್ಕೃತಿಯ ಭಾಗಕ್ಕೆ ಸೇರಿದರೆ ಕಾಫಿ ಆರ್ಥಿಕತೆಯ ಭಾಗಕ್ಕೆ ಸೇರುತ್ತದೆ. ನಡಿಕೇರಿಯಂಡ ಚಿಣ್ಣಪ್ಪ ಅವರ ‘ಪಟ್ಟೋಲೆ ಪಳಮೆ’ 1924ರಲ್ಲಿ ಅಚ್ಚಾಯಿತು. ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಎಂ. ಎನ್. ಶ್ರೀನಿವಾಸ್ ಅವರ ಗ್ರಂಥ 1952ರಲ್ಲಿ ಪ್ರಕಟವಾಯಿತು. ಹಾಡು, ಹಬ್ಬ, ಒಕ್ಕದ ವಿಧಿಗಳನ್ನು ದಾಖಲಿಸುವ ತಮ್ಮ ಉದ್ದೇಶಕ್ಕೆ ಈ ಎರಡೂ ಕೃತಿಗಳು ನ್ಯಾಯ ಸಲ್ಲಿಸಿವೆ. ತೊಡಕಿರುವುದು ಅವುಗಳನ್ನು ಆಧರಿಸಿ ಬೆಳೆದ ಓದಿನಲ್ಲಿ. ಆ ಓದು ಆಚರಣೆಯನ್ನು ಹಿಡಿದುಕೊಂಡು, ಆಚರಣೆಗೆ ಆಧಾರವಾದ ಸಸ್ಯವನ್ನು ಕೈಬಿಟ್ಟಿತು.

ಕೊಡವರ ಹಬ್ಬಗಳ ಸರಣಿಯೇ ಭತ್ತದ ಬೆಳವಣಿಗೆಯನ್ನು ಅನುಸರಿಸುತ್ತದೆ. ಏಪ್ರಿಲ್ ನಡುವಿನಲ್ಲಿ ಬರುವ ಎಡಮ್ಯಾರ್ ಒಂದರಂದು ಮೊದಲ ಉಳುಮೆ. ನಾಟಿ ಮುಗಿದ ಮೇಲೆ ಆಯುಧಪೂಜೆಯ ಕೈಲ್ ಪೊಳ್ದ್. ತೆನೆ ಬಲಿತಾಗ ಪುತ್ತರಿ. ಪುತ್ತರಿ ಎಂದರೆ ಹೊಸ ಅಕ್ಕಿ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ಸನ್ನಿಧಿಯಲ್ಲಿ ನಿಗದಿಯಾದ ಮುಹೂರ್ತದಲ್ಲಿ, ಒಕ್ಕದವರು ದೀಪ ಹಿಡಿದು ಗದ್ದೆಗೆ ಇಳಿದು, ಗುಂಡು ಹಾರಿಸಿ, ಕದಿರು ಕೊಯ್ದು ಮನೆಗೆ ತರುತ್ತಾರೆ. ಎಲೆಗಳ ‘ನೆರೆ’ಯೊಡನೆ ಅದನ್ನು ಮನೆಯ ಮುಖ್ಯ ಸ್ಥಾನಗಳಲ್ಲಿ ಕಟ್ಟುತ್ತಾರೆ. ‘ಪೊಲಿ’ ಎಂಬ ಕೂಗು ಬಯಸುವುದು ಹೆಚ್ಚಳವನ್ನು.

ಈ ವಿಧಿಯನ್ನು ಮನುಷ್ಯನ ಬಯಕೆಯ ಸಂಕೇತವೆಂದಷ್ಟೇ ವಿವರಿಸಿದರೆ ಅರ್ಧ ಹೇಳಿದಂತಾಗುತ್ತದೆ. ಕಾಡುಭತ್ತದ ಕಾಳು ಬಲಿತೊಡನೆ ಉದುರಿಬೀಳುತ್ತದೆ. ಸಂತಾನ ಹರಡಲು ಅದಕ್ಕೆ ಅದೇ ದಾರಿ. ಕಾಳನ್ನು ಉದುರಿಸದ ತೆನೆಗಳನ್ನೇ ಕೊಯ್ದು, ಅವುಗಳನ್ನೇ ಮತ್ತೆ ಬಿತ್ತಿದ ಸಾವಿರಾರು ವರ್ಷಗಳ ರೂಢಿ ಭತ್ತದ ಸ್ವಭಾವವನ್ನೇ ಬದಲಿಸಿತು. ಅರಿವಿಲ್ಲದೆ ನಡೆಯುವ ಇಂಥ ಆಯ್ಕೆಯನ್ನು ಚಾರ್ಲ್ಸ್ ಡಾರ್ವಿನ್ 1859ರಲ್ಲಿಯೇ ತಮ್ಮ ಗ್ರಂಥದ ಮೊದಲ ಅಧ್ಯಾಯದಲ್ಲಿ ಚರ್ಚಿಸಿದ್ದರು. ಗದ್ದೆಯಿಂದ ಮನೆಯವರೆಗೆ ಕಾಳು ಚೆಲ್ಲದೆ ಕದಿರನ್ನು ತರಲು ಸಾಧ್ಯವಾಗಿರುವುದು ಈ ಬದಲಾವಣೆಯಿಂದ. ಹೀಗೆ ತಾನೇ ಹರಡುವ ಶಕ್ತಿಯನ್ನು ಬಿಟ್ಟುಕೊಟ್ಟ ಭತ್ತ ಪ್ರತಿಯಾಗಿ ಗದ್ದೆ, ಏರಿ, ನೀರು, ನೇಗಿಲು, ವರ್ಷದ ದುಡಿಮೆ ಎಲ್ಲವನ್ನೂ ಮನುಷ್ಯನಿಂದ ಪಡೆಯಿತು. ಹಬ್ಬದ ಸರಣಿಯೂ ಆ ಕೊಡುಕೊಳೆಯ ಒಂದು ಅಂಗ.

ಕಾಫಿಯ ಕಥೆಯೂ ಏಕಮುಖವಲ್ಲ. ಜಾನ್ ಫೌಲರ್ 1854ರಲ್ಲಿ ಮಡಿಕೇರಿಯ ಬಳಿ ತೋಟ ತೆರೆದ ಮೇಲೆ ಕಾಡು ಕಡಿದು ಕಾಫಿ ನೆಡುವ ಉತ್ಸಾಹ ಹಬ್ಬಿತು. 1860ರ ದಶಕದಲ್ಲಿ ಬಿಳಿ ಕಾಂಡಕೊರಕ ಆ ತೋಟಗಳನ್ನು ಹಾಳುಗೆಡವಿತು. ಬಿಸಿಲು ಬೀಳುವ ಕಾಂಡದ ತೊಗಟೆಯಲ್ಲಿ ಮೊಟ್ಟೆಯಿಡುವುದು ಆ ದುಂಬಿಗೆ ಹೆಚ್ಚು ಇಷ್ಟ. ನೆರಳಿಲ್ಲದೆ ಅರೇಬಿಕಾ ಉಳಿಯದೆಂಬ ಪಾಠವನ್ನು ಬೆಳೆಗಾರ ಕಲಿತದ್ದು ಈ ನಷ್ಟದಿಂದ. ಇಂದು ಕೊಡಗಿನ ಹೆಮ್ಮೆಯೆನಿಸಿರುವ ನೆರಳಿನ ಮರಗಳು, ಅವುಗಳಿಗೆ ಹಬ್ಬಿದ ಕರಿಮೆಣಸು, ಇವುಗಳಲ್ಲಿ ಬೆಳೆಗಾರನ ಅಭಿರುಚಿಯಷ್ಟೇ ಕಾಫಿಯ ಒತ್ತಾಯವೂ ಇದೆ. ದಕ್ಷಿಣ ಕೊಡಗಿನಲ್ಲಿ ಹೆಚ್ಚಾಗಿರುವ ರೊಬಸ್ಟಾ ಮತ್ತೊಂದು ಶಿಸ್ತನ್ನು ಬೇಡುತ್ತದೆ. ಪರಕೀಯ ಪರಾಗಸ್ಪರ್ಶವನ್ನು ನೆಚ್ಚಿದ ಈ ಗಿಡಕ್ಕೆ ಸಕಾಲದ ಹೂಮಳೆ ಬೇಕು. ಮಳೆ ತಪ್ಪಿದರೆ ಬೆಳೆಗಾರ ತುಂತುರು ನೀರಾವರಿಗೆ ನೀರು ಹುಡುಕಬೇಕು.

ಎರಡು ಸಸ್ಯಗಳನ್ನು ಬೆಸೆಯುವ ಕೊಂಡಿ ಬಾಣೆ. ಬ್ರಹ್ಮಗಿರಿಯ ಅಡಿಯಲ್ಲಿ, ಗೋಣಿಕೊಪ್ಪ–ಕುಟ್ಟ ದಾರಿಯಲ್ಲಿರುವ ಶ್ರೀಮಂಗಲದ ನೆಲವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ತಗ್ಗಿನಲ್ಲಿ ಗದ್ದೆ, ಏರಿನಲ್ಲಿ ಮರಗಳ ನೆಲ. ಜಮ್ಮಾ ಹಿಡುವಳಿಯಲ್ಲಿ ಬಾಣೆಯನ್ನು ಕೊಡುತ್ತಿದ್ದುದು ಗದ್ದೆಯ ಸೇವೆಗಾಗಿ: ದನದ ಮೇವು, ಸೊಪ್ಪಿನ ಗೊಬ್ಬರ, ಸೌದೆ, ಸಣ್ಣಪುಟ್ಟ ಮರಮುಟ್ಟು. ಕಾಫಿ ಬೇರೂರಿದ್ದು ಬಹುಮಟ್ಟಿಗೆ ಈ ನೆಲದಲ್ಲಿಯೇ. 1990ರ ದಶಕದಲ್ಲಿ ಕಾಫಿ ಮಂಡಳಿಯ ಕಡ್ಡಾಯ ಸಂಗ್ರಹ ವ್ಯವಸ್ಥೆ ಕೊನೆಗೊಂಡು ಮುಕ್ತ ಮಾರುಕಟ್ಟೆ ತೆರೆದ ಮೇಲೆ ಬಾಣೆಯ ಬೆಲೆ ಗದ್ದೆಯ ಬೆಲೆಯನ್ನು ಮೀರಿ ನಿಂತಿತು. ಸೇವಕ ನೆಲವು ಒಡೆಯನಾಯಿತು; ಕೂಲಿ ದುಬಾರಿಯಾದ ಗದ್ದೆ ಅಲ್ಲಲ್ಲಿ ಪಾಳು ಬಿದ್ದಿತು. ಆದರೂ ಒಕ್ಕದ ವಿಧಿ ಕಾಫಿ ಹಣ್ಣನ್ನು ಕದಿರಿನ ಸ್ಥಾನಕ್ಕೆ ಏರಿಸಲಿಲ್ಲ. ಭತ್ತ ಬೆಳೆಯದ ಮನೆಯವರು ಬೇರೆಯವರ ಗದ್ದೆಯಿಂದ ಕದಿರು ತರುವುದುಂಟು. ಇಲ್ಲಿ ಬಯಕೆ ಎರಡಾಗಿ ಒಡೆದಿದೆ: ಸಂಪತ್ತಿನ ಬಯಕೆ ಒಂದು ಗಿಡವನ್ನು ಸಾಕುತ್ತಿದೆ, ಗುರುತಿನ ಬಯಕೆ ಇನ್ನೊಂದನ್ನು.

ಆದ್ದರಿಂದ ‘ಪುತ್ತರಿ ಇಂದಿಗೂ ಉಳಿದಿದೆ’ ಎಂಬ ರೂಢಿಯ ತೀರ್ಮಾನ ಸಾಲದು. ಕದಿರು ಕೊಯ್ದ ಗದ್ದೆ ಯಾರದು, ಭತ್ತದ ತಳಿ ಯಾವುದು, ಬೀಜ ಎಲ್ಲಿಂದ ಬಂತು ಎಂಬುದನ್ನು ಕ್ಷೇತ್ರಕಾರ್ಯ ದಾಖಲಿಸಬೇಕು. ನಾಟಿ ಮಾಡಿದವರು ಯಾರೆಂಬ ಪ್ರಶ್ನೆ ಇನ್ನೂ ಮುಖ್ಯವಾದುದು. ದಕ್ಷಿಣ ಕೊಡಗಿನ ಗದ್ದೆಗಳಲ್ಲಿ ಯರವ, ಪಣಿಯ ಮೊದಲಾದ ಸಮುದಾಯಗಳು ತಲೆಮಾರುಗಳಿಂದ ದುಡಿದಿವೆ. ಒಕ್ಕದ ಬಯಕೆಯನ್ನು ಸವಿವರವಾಗಿ ಬರೆದಿಟ್ಟ ಅಧ್ಯಯನ, ಆ ಬಯಕೆಯನ್ನು ಮೈಮುರಿದು ಪೂರೈಸಿದವರ ಸಸ್ಯಜ್ಞಾನವನ್ನು ಅಷ್ಟೇ ಆಸ್ಥೆಯಿಂದ ಕೇಳಲಿಲ್ಲ. ಪೈರಿನ ಹದ, ಕಳೆಯ ಗುರುತು, ನೀರಿನ ಅಳತೆ ಇವೆಲ್ಲ ಕೈಯಲ್ಲಿ ಉಳಿದ ತಿಳಿವಳಿಕೆ. ಗದ್ದೆ ಪಾಳು ಬಿದ್ದ ತಲೆಮಾರಿನೊಡನೆ ಅದು ಹಾಡಿಗಿಂತ ಬೇಗ ಮರೆಯಾಗುತ್ತದೆ.

ಚಿಣ್ಣಪ್ಪನವರು ಹಾಡುಗಳು ಬಾಯಿಂದ ಮರೆಯಾಗುವ ಮೊದಲೇ ಅವುಗಳನ್ನು ಅಕ್ಷರಕ್ಕೆ ಇಳಿಸಿದರು. ಭತ್ತದ ತಳಿಗಳ ಹೆಸರು, ಬಾಣೆಯ ಸೊಪ್ಪಿನ ಬಳಕೆ, ನಾಟಿಯ ಕೈಗಳ ಅನುಭವ ಇವುಗಳಿಗೂ ಅಂಥದೇ ಸಂಗ್ರಹ ಆಗಬೇಕಾಗಿದೆ. ಅದಿಲ್ಲದೆ, ನೆರೆಗೆ ಕಟ್ಟಿದ ಕದಿರು ಯಾವ ನೆಲದ್ದೆಂದು ಹೇಳಬಲ್ಲ ದಾಖಲೆ ಮುಂದಿನ ಸಂಶೋಧಕರಿಗೆ ಸಿಗಲಾರದು.